ಒಂದೇ ಡೋಸ್ ಸಾಕು ಅಂದ ಅತ್ತೆ

ನನ್ನ ಅತ್ತೆ ನನಗೆ ಔಷಧಿ ಕೊಡಬೇಡ ಅಂತ ಡಾಕ್ಟರ ಜೊತೆ ಜಗಳಾಡಿದವರು. ಅದೂ ಕದ್ದುಮುಚ್ಚಿ ಅಲ್ಲ, ನಾಗಪುರದ ರಾಮದಾಸಪೇಠದ ಆಸ್ಪತ್ರೆಯಲ್ಲಿ, ಹಾಡಹಗಲು, ನನ್ನ ಕಣ್ಣೆದುರಿಗೆ, ಪಕ್ಕದಲ್ಲಿ ನನ್ನ ಗಂಡನನ್ನು ಕೂರಿಸಿಕೊಂಡು. ಈ ಬರಹವನ್ನು ನಾನು ಬರೆಯುತ್ತಿರುವುದು ಅವರಿಗೆ ಥ್ಯಾಂಕ್ಸ್ ಹೇಳುವುದಕ್ಕೆ ಅಂದರೆ ನೀವು ನಂಬುತ್ತೀರಾ? ನಿಮ್ಮ ಮುಖದ ಮೇಲೆ ಈಗ ಎಂಥ ಭಾವ ಮೂಡಿದೆ ಅಂತ ನನಗೆ ಗೊತ್ತು. ಲಕ್ಷ್ಮೀನಗರದ ನಮ್ಮ ಬಿಲ್ಡಿಂಗಿನ ಹೆಂಗಸರ ಮುಖದಲ್ಲೂ ಅದೇ ಇತ್ತು. ಸ್ವಲ್ಪ ತಡೆಯಿರಿ, ಹೇಳುತ್ತೇನೆ.

ನಾನು ಮೈಸೂರಿನವಳು. ಬ್ಯಾಂಕಿನಲ್ಲಿ ಕೆಲಸ, ಈಗ ಇಲ್ಲಿನ ಸದರ್ ಬಡಾವಣೆಯ ಬ್ರಾಂಚಿನಲ್ಲಿದ್ದೇನೆ. ಗಂಡನ ಮನೆಯವರು ಮೂಲತಃ ಧಾರವಾಡದವರು. ಮಾವನವರು ರೈಲ್ವೆಯಲ್ಲಿದ್ದರು, ವರ್ಗವಾಗಿ ನಾಗಪುರಕ್ಕೆ ಬಂದವರು ಇಲ್ಲೇ ನೆಲೆಯೂರಿದರು, ಇಲ್ಲೇ ತೀರಿಕೊಂಡರು. ಅತ್ತೆ ಇಲ್ಲಿನ ಮೆಡಿಕಲ್ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸುತ್ತಿದ್ದರು. ಜೊತೆಗೆ ಆಸ್ಪತ್ರೆಯ ಲ್ಯಾಬಿನ ಕೆಲಸ. ರಕ್ತ, ಕೀವು, ಮೂತ್ರದಲ್ಲಿ ಯಾವ ಕ್ರಿಮಿ ಇದೆ, ಅದಕ್ಕೆ ಯಾವ ಔಷಧಿ ನಾಟುತ್ತದೆ ಅಂತ ನೋಡಿ ಹೇಳುವುದು. ರಿಟೈರಾಗಿ ಎಷ್ಟೋ ವರ್ಷವಾಯಿತು. ಆದರೆ ಕ್ರಿಮಿಗಳು ರಿಟೈರಾಗಿಲ್ಲವಲ್ಲ, ಹಾಗಾಗಿ ಅತ್ತೆಯೂ ಆಗಿಲ್ಲ.

ಮದುವೆಯಾಗಿ ಬಂದ ಹೊಸತರಲ್ಲೇ ನನಗೆ ಒಂದು ವಿಚಿತ್ರ ಕಾಣಿಸಿತು. ನಮ್ಮತ್ತೆ ಬ್ಯಾಕ್ಟೀರಿಯಾಗಳಿಗೆ ಬಹುವಚನ ಕೊಟ್ಟು ಮಾತಾಡುತ್ತಾರೆ, ಡಾಕ್ಟರುಗಳಿಗೆ ಏಕವಚನ. "ಅವರು ಗಂಟಲದಾಗ ಸುಮ್ಮನ ಕೂತಿರ್ತಾರ, ನಾವs ಹೋಗಿ ಕೆಣಕತೀವಿ" ಅಂದರೆ ಅದು ಕ್ರಿಮಿಗಳ ಮಾತು. "ಅವಗ ಏನ್ ತಿಳೀತೈತಿ, ಬರೀ ಬರಕೊಡ್ತಾನ" ಅಂದರೆ ಅದು ಊರಿನ ಹೆಸರಾಂತ ಫಿಸಿಷಿಯನ್ನು. ಒಮ್ಮೆ ಧೈರ್ಯ ಮಾಡಿ ಕೇಳಿದೆ, "ಅದೇನತ್ತೆ, ಕ್ರಿಮಿಗಳಿಗೆ ಇಷ್ಟು ಮರ್ಯಾದೆ?"

"ಡಾಕ್ಟರ್ ಮೊನ್ನಿ ಮೊನ್ನಿ ಬಂದಾಂವ" ಅಂದರು ಅತ್ತೆ ಹುರುಳಿಕಾಯಿ ಸೋಸುತ್ತಾ. "ಅವರು ಈ ಭೂಮಿ ತಣ್ಣಗಾದಾಗಿಂದ ಅದಾರ. ಹಿರಿಯರು."

ಹಿರಿಯರ ವಾಸನೆ ಹಿಡಿಯುವುದರಲ್ಲಿ ಅವರದು ಎತ್ತಿದ ಕೈ, ಅಲ್ಲಲ್ಲ, ಎತ್ತಿದ ಮೂಗು. ನನ್ನ ಬ್ರಾಂಚಿನವರನ್ನು ಒಮ್ಮೆ ಊಟಕ್ಕೆ ಕರೆದಿದ್ದೆ. ಊಟವಾದ ಮೇಲೆ ತಟ್ಟೆಯಲ್ಲಿ ದ್ರಾಕ್ಷಿ ತಂದಿಟ್ಟೆ. ನಮ್ಮ ಮ್ಯಾನೇಜರು ಒಂದು ಗೊಂಚಲು ಎತ್ತಿಕೊಂಡರು. ಅತ್ತೆ ಕಣ್ಣು ಮುಚ್ಚಿ ಮೂಸಿ ಎಷ್ಟೋ ವರ್ಷದ ಗೆಳತಿ ಸಿಕ್ಕವರ ಹಾಗೆ ಮುಗುಳ್ನಕ್ಕು, "ಈ ವಾಸನಿ ಬಂತಂದ್ರ ನನಗ ಸುಟ್ಟಗಾಯದ ವಾರ್ಡು ನೆನಪಾಗತೈತಿ" ಅನ್ನುವ ಮಾತನ್ನು ಎಲ್ಲರಿಗೂ ತಿಳಿಯಲಿ ಅಂತ ಹಿಂದಿಯಲ್ಲಿ ಹೇಳಿದರು. ಹೇಳಿ ಸುಮ್ಮನಿದ್ದರೆ ಆಗುತ್ತಿತ್ತು. ಗಾಯದಲ್ಲಿ ಸೇರಿಕೊಳ್ಳುವ ಒಂದು ಜಾತಿಯ ಕ್ರಿಮಿಗೆ ಥೇಟ್ ದ್ರಾಕ್ಷಿಯ ವಾಸನೆ ಇರುತ್ತದೆಂದೂ, ತಾವು ಲ್ಯಾಬಿನ ಬಾಗಿಲಲ್ಲಿ ನಿಂತೇ ಅವರನ್ನು ಗುರುತು ಹಿಡಿಯುತ್ತಿದ್ದರೆಂದೂ, ಕೀವಿನ ಬಣ್ಣವೂ ಹೆಚ್ಚು ಕಡಿಮೆ ಇದೇ ಹಸಿರೆಂದೂ ವಿವರಿಸಿದರು. ಮ್ಯಾನೇಜರ ಕೈ ತಟ್ಟೆಗೂ ಬಾಯಿಗೂ ನಡುವೆ ನಿಂತಿತ್ತು. "ಅಯ್ಯ, ಇದು ಬರೀ ದ್ರಾಕ್ಷಿ, ತಿನ್ರಿ" ಅಂತ ಅತ್ತೆ ಉಪಚಾರ ಮಾಡಿದರು. ಯಾರು ತಿನ್ನುತ್ತಾರೆ? ಇವತ್ತಿಗೂ ನಮ್ಮ ಬ್ರಾಂಚಿನ ಪಾರ್ಟಿಗಳಲ್ಲಿ ಬಾಳೆಹಣ್ಣೇ ತರುವುದು.

ಇಂಥವರ ಮನೆಗೆ ನಾನು ಬಂದದ್ದು ಎಂಥ ಮನೆಯಿಂದ ಅಂತೀರಿ? ನಮ್ಮಮ್ಮನ ಕೈಚೀಲದಲ್ಲಿ ಕುಂಕುಮದ ಭರಣಿ ಇಲ್ಲದಿದ್ದರೂ ಇರಬಹುದು, ಆಂಟಿಬಯಾಟಿಕ್ ಇಲ್ಲದೆ ಇರುವುದಿಲ್ಲ. ನೆಗಡಿಗೆ ಒಂದು, ಕೆಮ್ಮಿಗೆ ಒಂದು, ಹೊಟ್ಟೆ ಕೆಟ್ಟರೆ ಮತ್ತೊಂದು. ಎರಡು ದಿನ ನುಂಗಿ ವಾಸಿ ಅನ್ನಿಸಿದರೆ ಉಳಿದದ್ದನ್ನು ಎತ್ತಿಡುವುದು. ಅಮ್ಮನಿಗೆ ಅದು ಮಿತವ್ಯಯ. ನನ್ನನ್ನು ನಾಗಪುರಕ್ಕೆ ಕಳಿಸುವಾಗ ಚಕ್ಕುಲಿ ಡಬ್ಬಿಯ ಜೊತೆ ಅಂಥ ಗುಳಿಗೆಗಳ ಡಬ್ಬಿಯೊಂದನ್ನೂ ಕಟ್ಟಿಕೊಟ್ಟಿದ್ದರು. ಮೊದಲ ಸಲ ಗಂಟಲು ನೋವು ಬಂದಾಗ ಅದನ್ನು ತೆಗೆದೆ. ಅತ್ತೆ ನೋಡಿದರು. ಚಕ್ಕುಲಿ ಇಟ್ಟುಕೊಂಡರು, ಗುಳಿಗೆ ತೆಗೆದುಕೊಂಡು ಹೋದರು. ಮತ್ತೆ ನಾನದನ್ನು ನೋಡಲಿಲ್ಲ.

"ಗಂಟಲು ನೋಯ್ತಿದೆ ಅತ್ತೆ."

"ನೋಯ್ಲಿ. ಬಾಯಿ ತಗಿ." ಟಾರ್ಚು ಬಿಟ್ಟು ನೋಡಿದರು. "ಇದು ವೈರಸ್ಸು. ಉಪ್ಪುನೀರು ಮುಕ್ಕಳಿಸು."

"ಅರಿಶಿನದ ಹಾಲು ಕುಡೀಲಾ?"

"ಕುಡದ್ರೂ ಒಳ್ಳೇದು, ಕುಡೀಲಿಲ್ಲಂದ್ರೂ ಒಳ್ಳೇದು" ಅಂದು ಟಾರ್ಚು ಆರಿಸಿದರು.

ನಾನು ಆ ರಾತ್ರಿ ಗಂಡನ ಹತ್ತಿರ ಅತ್ತುಕೊಂಡೆ. ಅವರು, "ನನಗೂ ಹಂಗs ಮಾಡ್ತಿದ್ಲು. ಸತ್ತೀನೇನು?" ಅಂತ ಸಮಾಧಾನ ಮಾಡಿದರು. ಗಂಡಂದಿರ ಸಮಾಧಾನ ಎಲ್ಲ ಊರಲ್ಲೂ ಹೀಗೇ ಇರುತ್ತದೇನೋ!

ಮನೆಯೊಳಗಾದರೆ ಸರಿ, ಅತ್ತೆ ರಸ್ತೆಗೂ ಇಳಿದರು. ನಮ್ಮ ಬಿಲ್ಡಿಂಗಿನ ಮೂಲೆಯಲ್ಲಿ ಒಂದು ಮೆಡಿಕಲ್ ಸ್ಟೋರ್ ಇದೆ. ಸಂಜೆ ವಾಕಿಂಗ್ ಮುಗಿಸಿ ಬರುವಾಗ ಅಲ್ಲಿ ಕುರ್ಚಿ ಹಾಕಿಸಿಕೊಂಡು ಕೂರುವುದು ಅವರ ಅಭ್ಯಾಸ. ಯಾರಾದರೂ ಬಂದು ಗುಳಿಗೆಯ ಹೆಸರು ಹೇಳಿದರೆ ಸಾಕು, ಕುರ್ಚಿಯಿಂದ ಪ್ರಶ್ನೆ ಏಳುತ್ತಿತ್ತು: "ಕುಣಿ ಲಿಹೂನ್ ದಿಲಂ?" ಯಾರು ಬರೆದುಕೊಟ್ಟರು ಅಂತ. ಕೆಳಮನೆಯ ಮರಾಠಿ ಹೆಂಗಸು, ಬಿಲ್ಡಿಂಗಿಗೆಲ್ಲ ಕಾಕು ಅಂದರೆ ಚಿಕ್ಕಮ್ಮ, ಒಮ್ಮೆ ಮೊಮ್ಮಗನ ನೆಗಡಿಗೆ ಅಂತ ಬಂದು, ಅತ್ತೆಯನ್ನು ಕಂಡು, ಕೇಳಬೇಕಾದ್ದನ್ನು ಕೇಳಲಾರದೆ ಒಂದು ಬಾಚಣಿಗೆ ಕೊಂಡು ಮನೆಗೆ ಹೋದರು. ಅಂಗಡಿಯವನು ಪಾಪ ಸಂಭಾವಿತ. ಹೋಗಿ ಅಂತ ಹೇಳಲಾರ, ಇರಿ ಅಂತಲೂ ಹೇಳಲಾರ. ಕೊನೆಗೆ ಅವನು ಕಂಡುಕೊಂಡ ಉಪಾಯವೆಂದರೆ ಅತ್ತೆಗೆ ಚಹಾ ತರಿಸುವುದನ್ನು ನಿಲ್ಲಿಸಿದ್ದು. ಅತ್ತೆ ಮನೆಯಿಂದ ಫ್ಲಾಸ್ಕಿನಲ್ಲಿ ತೆಗೆದುಕೊಂಡು ಹೋಗತೊಡಗಿದರು. ಅವನಿಗೂ ಒಂದು ಕಪ್ಪು ಕೊಡುತ್ತಿದ್ದರು.

ಇದೆಲ್ಲ ನಗುವ ವಿಷಯವಾಗಿಯೇ ಉಳಿದಿತ್ತು, ನನಗೆ ಹೊಟ್ಟೆನೋವು ಬರುವ ತನಕ.

ಹೋದ ವರ್ಷ ಒಂದು ಭಾನುವಾರ ಗಂಡನ ಗೆಳೆಯರ ಜೊತೆ ಸಾವಜಿ ಊಟಕ್ಕೆ ಹೋಗಿದ್ದೆವು. ನಾಗಪುರದ ಸಾವಜಿ ಅಡುಗೆ ಗೊತ್ತಲ್ಲ, ಮೇಲೆ ಒಂದು ಬೆರಳು ಎಣ್ಣೆ, ಅದರ ಕೆಳಗೆ ಬೆಂಕಿ. ಮನೆಗೆ ಬಂದ ಸ್ವಲ್ಪ ಹೊತ್ತಿಗೆ ಬಲಪಕ್ಕೆಯ ಕೆಳಗೆ ಯಾರೋ ಒಳಗಿನಿಂದ ತಿರುಪು ಬಿಗಿದ ಹಾಗೆ ಶುರುವಾಯಿತು. ನೋವು ಬೆನ್ನಿಗೆ ಹೋಯಿತು, ಬಲಭುಜಕ್ಕೆ ಹತ್ತಿತು. ಗ್ಯಾಸು ಅಂತ ಗಂಡ ಸೋಡಾ ಕುಡಿಸಿದರು. ವಾಂತಿಯಾಯಿತು.

ಅತ್ತೆ ಬಂದು ಮಂಚದ ಮೇಲೆ ಕೂತು ಪಕ್ಕೆಲುಬಿನ ಕೆಳಗೆ ಬೆರಳು ಊರಿ, "ಉಸುರು ಎಳಕೋ" ಅಂದರು. ಎಳೆದುಕೊಂಡೆ. ಅರ್ಧಕ್ಕೆ ನಿಂತುಹೋಯಿತು, ಮುಂದಕ್ಕೆ ಎಳೆಯಲಾಗಲಿಲ್ಲ. ಅತ್ತೆ ಬೆರಳು ತೆಗೆದು ಮಗನ ಕಡೆ ತಿರುಗಿದರು.

"ಪಿತ್ತಕೋಶ. ಗಾಡಿ ತಗಿ."

ಸೋನೋಗ್ರಫಿಯಲ್ಲಿ ಕಲ್ಲುಗಳು ಸಾಲಾಗಿ ಕೂತಿದ್ದವು. ನೋವು ಇಂಜೆಕ್ಷನ್ನಿಗೆ ತಗ್ಗಿತು. ಕೆಲವು ದಿನ ಬಿಟ್ಟು ಹೊಟ್ಟೆಗೆ ಸಣ್ಣ ತೂತು ಕೊರೆದು ದುರ್ಬೀನಿನ ಆಪರೇಷನ್ ಮಾಡಿ ಪಿತ್ತಕೋಶ ತೆಗೆಯುವುದೆಂದು ತೀರ್ಮಾನವಾಯಿತು. ಸರ್ಜನ್ನರನ್ನು ನೋಡಲು ಅತ್ತೆ, ಗಂಡ, ನಾನು ಮೂವರೂ ಹೋದೆವು. ಒಳಗೆ ಕಾಲಿಡುತ್ತಿದ್ದಂತೆ ಆ ಸರ್ಜನ್, ಐವತ್ತು ದಾಟಿದ, ತಲೆ ನುಣ್ಣಗಾದ, ಹೊರಗೆ ಅಷ್ಟುದ್ದ ಕ್ಯೂ ಇರುವ ಮನುಷ್ಯ, ಧಡಕ್ಕನೆ ಎದ್ದು ನಿಂತರು. ಅತ್ತೆಯ ಹಳೇ ವಿದ್ಯಾರ್ಥಿ!

"ಕೂಡು" ಅಂದರು ಅತ್ತೆ. ಅವರ ರೂಮಿನಲ್ಲಿ, ಅವರ ಕುರ್ಚಿಯಲ್ಲಿ, ಅವರಿಗೇ. ಸರ್ಜನ್ ಕೂತರು. ಅವರಿಬ್ಬರ ಮಾತು ಹಿಂದಿ ಮರಾಠಿ ಕಲಸಿದ್ದು, ನಾನು ನನಗೆ ಬರುವ ಹಾಗೆ ಹೇಳುತ್ತೇನೆ. ಅತ್ತೆಯ 'ತೂ' ಮಾತ್ರ ಯಾವ ಭಾಷೆಯಲ್ಲೂ ಏಕವಚನವೇ.

"ಆಂಟಿಬಯಾಟಿಕ್ ಏನು ಕೊಡ್ತೀ?"

"ಆಪರೇಷನ್ನಿಗೆ ಮೊದಲು ಒಂದು ಡೋಸ್ ಮೇಡಂ. ಆಮೇಲೆ ಎರಡು ದಿನ ಸಲೈನಿನಲ್ಲಿ. ಮನೆಗೆ ಹೋದ ಮೇಲೆ ಐದು ದಿನ ಗುಳಿಗೆ."

"ಮೊದಲಿನ ಡೋಸ್ ಯಾಕೆ?"

"ಕುಯ್ಯುವ ಹೊತ್ತಿಗೆ ರಕ್ತದಲ್ಲಿ ಔಷಧಿ ಇರಲಿ ಅಂತ ಮೇಡಂ."

"ಶುಗರ್ ಐತಿ ಇವಳಿಗೆ, ಸ್ವಲ್ಪೇ ಇದ್ದರೂ ಐತಿ. ಹಾಗಾಗಿ ಅದು ಇರಲಿ. ಆಮೇಲಿನದು ಯಾಕೆ?"

ಸರ್ಜನ್ ಪೆನ್ನು ತೆರೆದರು, ಮುಚ್ಚಿದರು. ಇಪ್ಪತ್ತರ ಹುಡುಗನ ಮುಖ ಹೇಗಿತ್ತು ಅನ್ನುವುದು ನನಗೆ ಆಗ ಕಾಣಿಸಿತು. "ಎಲ್ಲರೂ ಕೊಡ್ತಾರೆ ಮೇಡಂ."

"ಇದು ಉತ್ತರ ಅಲ್ಲ."

"ಕ್ಲೀನ್ ಕೇಸ್‌ನಲ್ಲಿ ಬೇಕಾಗಿಲ್ಲ, ಗೊತ್ತು ಮೇಡಂ." ದನಿ ತಗ್ಗಿಸಿದರು. "ನಿಜ ಹೇಳ್ಲಾ? ಹೆದರಿಕೆ. ಆಮೇಲೆ ಒಂದು ಚೂರು ಜ್ವರ ಬಂದರೂ ಸಾಕು, ಔಷಧಿಯನ್ನೇ ಕೊಡಲಿಲ್ಲ ಅಂತ ರೋಗಿಯ ಕಡೆಯವರು ಬಂದು ಬಾಗಿಲ ಗಾಜು ಒಡೆಯುತ್ತಾರೆ."

"ರೋಗಿಯ ಕಡೆಯಾಕಿ ನಾನೇ" ಅಂದರು ಅತ್ತೆ. "ನಾನು ಒಡೆಯೂದಿಲ್ಲ."

ಹೀಗೆ ನನ್ನ ಹೊಟ್ಟೆಯ ಬಗ್ಗೆ ಒಪ್ಪಂದವಾಯಿತು. ಮೊದಲೊಂದು ಡೋಸ್, ಅಷ್ಟೆ. ಒಳಗೆ ಕೀವೋ ಮತ್ತೊಂದೋ ಕಂಡರೆ ಆಗಿನ ಮಾತು ಬೇರೆ. ನನ್ನನ್ನು ಯಾರೂ ಕೇಳಲಿಲ್ಲ. ನಾನು ಗಂಡನ ಮುಖ ನೋಡಿದೆ. ಅವರು ಗೋಡೆಯ ಮೇಲಿದ್ದ ಲಿವರಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಸುದ್ದಿ ಹೇಗೆ ಹರಡಿತೋ ಗೊತ್ತಿಲ್ಲ. ಬಾಚಣಿಗೆ ಕೊಂಡಿದ್ದ ಕಾಕು ಮರುದಿನವೇ ಒಂದು ಡಬ್ಬಿ ಶಿರಾ ಹಿಡಿದು ಬಂದರು. ಅತ್ತೆ ಸ್ನಾನಕ್ಕೆ ಹೋಗಿರುವ ಸಮಯ ನೋಡಿಯೇ ಬಂದಿದ್ದರು. ನನ್ನ ಕೈ ಹಿಡಿದು ಕಣ್ಣಲ್ಲಿ ನೀರು ತಂದುಕೊಂಡು, ಸೊಸೆಗೆ ಔಷಧಿ ನಕೋ, ಬೇಡ ಅಂದರಂತೆ, ಹೌದಾ? ನಿನಗೆ ತೊಂದರೆ ಏನಾದರೂ ಇದ್ದರೆ ನನಗೆ ಹೇಳು, ನನ್ನ ಅಳಿಯ ವಕೀಲ, ಅಂದರು. ನಾನು ನಗಬೇಕೋ ಅಳಬೇಕೋ?

ಅಮ್ಮನಿಗೆ ಫೋನಿನಲ್ಲಿ ಹೇಳುವ ತಪ್ಪು ಮಾಡಿದೆ. "ಏನಂದೆ? ಹೊಟ್ಟೆ ತೂತು ಮಾಡಿ ಒಂದು ಅಂಗ ಕಿತ್ತು ಹಾಕ್ತಾರೆ, ಒಂದೇ ಒಂದು ಇಂಜೆಕ್ಷನ್ನಾ? ನಮ್ಮ ಎದುರುಮನೆ ನಾಯಿಗೆ ಕಾಲು ಮುರಿದಾಗ ಐದು ದಿನ ಕೊಟ್ಟಿದ್ರು ಕಣೇ! ನಿಮ್ಮತ್ತೆಗೆ ಸೊಸೆ ಬೇಕಾ ಬೇಡ್ವಾ ಕೇಳು." ಕೇಳುವ ಧೈರ್ಯ ನನಗೆಲ್ಲಿಂದ ಬರಬೇಕು? ಅಮ್ಮ ಸಿಕ್ಕಿದ ರೈಲು ಹಿಡಿದು ತಾವೇ ಹೊರಟರು.

ಆಪರೇಷನ್ನಿನ ದಿನ ಅತ್ತೆ ಆಸ್ಪತ್ರೆಯಲ್ಲಿ ಮಾಡಿದ್ದನ್ನು ನೆನೆದರೆ ನರ್ಸುಗಳು ಈಗಲೂ ನಗುತ್ತಾರಂತೆ. ಆ ಒಂದು ಡೋಸ್ ಸರಿಯಾದ ಹೊತ್ತಿಗೆ ಬೀಳಬೇಕು, ಬೇಗ ಕೊಟ್ಟರೂ ಕೆಟ್ಟಿತು, ತಡವಾದರೂ ಕೆಟ್ಟಿತು ಅಂತ ಥಿಯೇಟರಿನ ಬಾಗಿಲ ತನಕ ನನ್ನ ಸ್ಟ್ರೆಚರಿನ ಜೊತೆಯೇ ಬಂದರು. ಅರಿವಳಿಕೆ ಡಾಕ್ಟರನ್ನು ತಡೆದು, "ಕೊಟ್ಟಿ ಏನು?" ಅಂತ ಕೇಳಿದರು. ಅವರೂ ಹಳೇ ವಿದ್ಯಾರ್ಥಿ. "ಈಗ ಕೊಡ್ತೀನಿ ಮೇಡಂ" ಅಂದರು. "ಕೈ ತೊಳಕೊಂಡಿ?" ಅಂತ ಕೇಳಿದ್ದು ನನ್ನ ಕಿವಿಗೆ ಬಿದ್ದ ಕೊನೆಯ ಮಾತು. ಎಲ್ಲರೂ ದೇವರ ಹೆಸರು ಹೇಳಿಕೊಂಡು ಒಳಗೆ ಹೋಗುತ್ತಾರೆ. ನಾನು ಈ ಮಾತು ಕೇಳಿಕೊಂಡು ಹೋದೆ.

ಎಚ್ಚರವಾದಾಗ ಪಿತ್ತಕೋಶ ಇರಲಿಲ್ಲ. ಒಳಗೆ ಕೀವೂ ಇರಲಿಲ್ಲವಂತೆ, ಎಲ್ಲ ಸ್ವಚ್ಛವಾಗಿ ಆಯಿತೆಂದು ಸರ್ಜನ್ ಹೇಳಿ ಹೋದರು. ವಾರ್ಡಿನಲ್ಲಿ ಅತ್ತೆ ವಾಷ್‌ಬೇಸಿನ್ನಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತಿದ್ದರು. ನೋಡಲು ಬಂದವರೆಲ್ಲ ಮೊದಲು ಅಲ್ಲಿ ಕೈ ತೊಳೆಯಬೇಕು. ನಮ್ಮ ಮ್ಯಾನೇಜರು ಹೂಗುಚ್ಛ ತಂದರು. ಹೂವು ಹೊರಗೆ, ಮ್ಯಾನೇಜರು ಒಳಗೆ. ಅಮ್ಮ ಮೈಸೂರಿನಿಂದ ಬಂದವರೇ ನನ್ನ ತಲೆ ಸವರಲು ಕೈ ಚಾಚಿದರು. ಅತ್ತೆ ಕೆಮ್ಮಿದರು. ಅಮ್ಮ ಹೋಗಿ ಕೈ ತೊಳೆದುಕೊಂಡು ಬಂದರು. ಅವರ ಮುಖ ಮಾತ್ರ ನೋಡುವ ಹಾಗಿರಲಿಲ್ಲ.

ಮನೆಗೆ ಬಂದ ಮರುದಿನ ಮಧ್ಯಾಹ್ನ ನನಗೆ ನಡುಕ ಶುರುವಾಯಿತು.

ಮೊದಲು ಚಳಿ ಅಂದುಕೊಂಡೆ. ನಾಗಪುರದ ಮೇ ತಿಂಗಳಿನಲ್ಲಿ ಚಳಿ ಎಲ್ಲಿಂದ ಬರಬೇಕು? ಕೂಲರು ಆರಿಸಿದರು, ರಜಾಯಿ ಹೊದಿಸಿದರು, ಅದರ ಮೇಲೆ ಇನ್ನೊಂದು ಹೊದಿಸಿದರು. ಹಲ್ಲು ಕಟಕಟ ಅನ್ನುವುದು ನಿಲ್ಲಲಿಲ್ಲ. ಥರ್ಮಾಮೀಟರು ನೋಡಿದ ಗಂಡನ ಮುಖ ಬಿಳಿಚಿತು. ಅಮ್ಮ ಅದನ್ನು ಕಸಿದು ನೋಡಿದರು. ಎಲ್ಲರೂ ಅತ್ತೆಯನ್ನು ನೋಡಿದರು.

ನಾನೂ ನೋಡಿದೆ. ಸುಳ್ಳು ಯಾಕೆ ಹೇಳಲಿ, ಆ ಕ್ಷಣ ನನಗೂ ಅದೇ ಅನ್ನಿಸಿತು. ಐದು ದಿನದ ಗುಳಿಗೆ ಕೊಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು?

ಗಂಡ ಚಪ್ಪಲಿ ಮೆಟ್ಟಿ ಕೆಳಗೆ ಹೋದರು. ಮೂಲೆಯ ಅಂಗಡಿಯಿಂದ ಒಂದು ಸ್ಟ್ರಿಪ್ ತಂದರು. ಅವ್ವನ ಕಣ್ಣು ತಪ್ಪಿಸಲೂ ಇಲ್ಲ, ನೇರವಾಗಿ ಮೇಜಿನ ಮೇಲಿಟ್ಟರು. ಆ ಮನೆಯಲ್ಲಿ ಅದು ಎಷ್ಟು ದೊಡ್ಡ ಬಂಡಾಯ ಅನ್ನುವುದು ನಿಮಗೆ ಈಗ ಗೊತ್ತಾಗಿರಬೇಕು. ಅಮ್ಮ ನೀರಿನ ಲೋಟ ಹಿಡಿದು, "ಬಾಯಿ ತೆಗಿ ಮಗಳೇ" ಅಂದರು.

"ತಡೀರಿ" ಅಂದರು ಅತ್ತೆ.

"ಇನ್ನೂ ಏನು ತಡೀಬೇಕು?" ಅಮ್ಮನ ದನಿ ಒಡೆದಿತ್ತು. "ನಿಮ್ಮ ಪಾಠ ಸಾಕು. ಅವಳು ನನ್ನ ಮಗಳು."

ಅತ್ತೆ ಜಗಳಾಡಲಿಲ್ಲ. ವಾದ ಮಾಡಲಿಲ್ಲ. ನನ್ನ ಪಕ್ಕ ಕೂತು ರೆಪ್ಪೆ ಎಳೆದು ಕಣ್ಣು ಹಳದಿಯಾಗಿದೆಯೇ ನೋಡಿದರು. ಹೊಟ್ಟೆಯ ಗಾಯಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಎದೆಗೆ ಕಿವಿಯಿಟ್ಟು ಉಸಿರು ಕೇಳಿದರು. ಕಾಲಿನ ಮೀನಖಂಡ ಮುಟ್ಟಿದರು. ಕೊನೆಗೆ ಮೆಲ್ಲಗೆ ಕೇಳಿದರು, "ಮೂತ್ರಾ ಮಾಡುವಾಗ ಉರೀತೈತೇನು?"

ಬೆಳಗಿನಿಂದ ಉರಿಯುತ್ತಿತ್ತು. ಆಪರೇಷನ್ನಿನ ಹೊತ್ತಿಗೆ ಮೂತ್ರಕ್ಕೆಂದು ನಳಿಕೆ ಹಾಕಿ ತೆಗೆದಿದ್ದರಲ್ಲ, ಅದರ ನೋವು ಇರಬೇಕೆಂದು ಯಾರಿಗೂ ಹೇಳಿರಲಿಲ್ಲ. ಬೆನ್ನಿನ ಒಂದು ಕಡೆ, ಕಿಡ್ನಿ ಇರುವ ಜಾಗದಲ್ಲಿ, ಅತ್ತೆ ಮೆಲ್ಲಗೆ ತಟ್ಟಿದರು. ನಾನು ಚೀರಿದೆ.

"ಹೊಟ್ಟೀದಲ್ಲ" ಅಂದರು. "ಅವರು ನಳಿಕೀ ಹಿಡದು ಬಂದಾರ. ಈಗ ಔಷಧಿ ಬೇಕು, ಬೇಕs ಬೇಕು. ಮೊದಲ ಸ್ಯಾಂಪಲ್ಲು, ಹಿಂದs ಔಷಧಿ. ಗುಳಿಗಿ ಮೊದಲ ಹೋತಂದ್ರ ಯಾರು ಬಂದಾರಂತ ತಿಳಿಯೂದಿಲ್ಲ."

ಆಮೇಲೆ ನಡೆದದ್ದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಸ್ಯಾಂಪಲ್ಲಿನ ಬಾಟಲಿ ಹಿಡಿದು ನಾನು ಬಚ್ಚಲಮನೆಯ ಒಳಗೆ, ರಜಾಯಿ ಹೊದ್ದುಕೊಂಡೇ. ಬಾಗಿಲ ಹೊರಗೆ ಇಬ್ಬರು ತಾಯಂದಿರು. ಬೇಕೆಂದಾಗ ಬರಬೇಕಲ್ಲ? ಬರಲಿಲ್ಲ. ಅಮ್ಮ ಹೊರಗಿನಿಂದ, "ಶ್ಶ್..." ಅಂತ ಚಿಕ್ಕ ಮಗುವಿಗೆ ಹೇಳುವ ಹಾಗೆ ಶುರುಮಾಡಿದರು. "ನಳಾ ಬಿಡು, ನಳದ ಸಪ್ಪಳಾ ಕೇಳು" ಅಂದರು ಅತ್ತೆ. ನಲ್ಲಿ ಬಿಟ್ಟೆ. ಅದು ನೀರು ಬರದ ಹೊತ್ತು, ನಲ್ಲಿ ಗೊರ್ ಅಂದು ಸುಮ್ಮನಾಯಿತು. ಆಗ ಅತ್ತೆಯೂ ಅಮ್ಮನ ಜೊತೆ ಸೇರಿಕೊಂಡು ಶ್ಶ್ ಅನ್ನತೊಡಗಿದರು. ನಮ್ಮ ಮದುವೆಯಾದ ಇಷ್ಟು ವರ್ಷಗಳಲ್ಲಿ ಬೀಗಿತ್ತಿಯರಿಬ್ಬರೂ ಒಂದೇ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು. ಕೆಲಸವೂ ಆಯಿತು.

ಹೊರಗೆ ಬಂದಾಗ ಅತ್ತೆ ಫೋನಿನಲ್ಲಿದ್ದರು. ಸರ್ಜನ್ ಜೊತೆ ಮಾತಾಡುತ್ತಿದ್ದರು. ಹಿಂದಿಯಲ್ಲಿ, ಆದರೆ ಅದು ನನಗೆ ಗೊತ್ತಿದ್ದ ಹಿಂದಿಯಾಗಿರಲಿಲ್ಲ. "ಡಾಕ್ಟರ್ ಸಾಹೇಬ್, ಆಪ್ ಏಕ್ ಬಾರ್ ದೇಖ್ ಲೀಜಿಯೇ" ಅನ್ನುತ್ತಿದ್ದರು, ನೀವೊಮ್ಮೆ ನೋಡಿ ಅಂತ. ಆಪ್! ಊರಿನ ಒಬ್ಬ ಡಾಕ್ಟರಿಗೂ ಬಹುವಚನ ಕೊಡದವರು. ನನಗೆ ಜ್ವರಕ್ಕಿಂತ ಹೆಚ್ಚು ಹೆದರಿಕೆಯಾದದ್ದು ಆಗ.

ಸರ್ಜನ್ನರಿಗೂ ಹಾಗೇ ಆಗಿರಬೇಕು. ನಮ್ಮನ್ನು ಬರಹೇಳುವ ಬದಲು ಅವರೇ ಓಡಿಬಂದರು. ಪರೀಕ್ಷೆ ಮಾಡಿದರು, ರಕ್ತ ತೆಗೆಸಿದರು. ಹೊಟ್ಟೆಯೊಳಗೆ ಏನೂ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಸೋನೋಗ್ರಫಿ ಮಾಡಿಸಿದರು. ಏನೂ ಇರಲಿಲ್ಲ. ಸೋಂಕು ಮೂತ್ರದ್ದೇ. ಅತ್ತೆ ಹೇಳಿದ ಹಳೆಯ ಸಾದಾ ಔಷಧಿಯನ್ನೇ ಶುರುಮಾಡಿದರು. ಗಂಡ ತಂದ ಸ್ಟ್ರಿಪ್ ಗಂಟಲು, ಎದೆಗೆ ಕೊಡುವ ಬೇರೆ ಜಾತಿಯದಂತೆ, ಮೂತ್ರದ ಸೋಂಕಿಗೆ ಅದರಿಂದ ಉಪಯೋಗವೇ ಇರಲಿಲ್ಲ.

"ಐದು ದಿನ ಕೊಟ್ಟಿದ್ರೆ ಇದು ಬರ್ತಾನೇ ಇರ್ಲಿಲ್ಲ ಅಲ್ವಾ ಡಾಕ್ಟ್ರೇ?" ಅಂತ ಅಮ್ಮ ನನ್ನ ಗಂಡನಿಂದ ಹಿಂದಿ ಮಾಡಿಸಿ ಕೇಳಿದರು.

ಸರ್ಜನ್ ಅತ್ತೆಯ ಕಡೆ ನೋಡಲಿಲ್ಲ, ಅಮ್ಮನ ಕಡೆಗೇ ನೋಡಿ ಹೇಳಿದರು, "ಆಗಲೂ ಬರಬಹುದಿತ್ತು ಅಮ್ಮಾ. ಬಂದಿದ್ದರೆ ಆ ಔಷಧಿಗೆ ಜಗ್ಗದವು ಬರುತ್ತಿದ್ದವು. ಇಷ್ಟು ಸುಲಭದಲ್ಲಿ ಮುಗಿಯುತ್ತಿರಲಿಲ್ಲ."

ಆ ಒಂದು ವಾರ ಅತ್ತೆ ನನಗೆ ಆಂಟಿಬಯಾಟಿಕ್ ಕೊಟ್ಟ ರೀತಿ ಇದೆಯಲ್ಲ, ಕೊಡಬೇಡ ಅಂದ ರೀತಿಯನ್ನೇ ಮೀರಿಸಿತು. ಗಡಿಯಾರ ನೋಡಿಕೊಂಡು ಬರುತ್ತಿದ್ದರು, ಎದುರಿಗೆ ಕೂರುತ್ತಿದ್ದರು, ನುಂಗಿದ ಮೇಲೆ ನಾಲಿಗೆ ಎತ್ತಿ ತೋರಿಸಬೇಕಿತ್ತು. ಜ್ವರ ಬಿಟ್ಟಮೇಲೆ, "ಈಗ ವಾಸಿಯಾಯ್ತಲ್ಲ ಅತ್ತೆ, ಉಳಿದದ್ದು ಎತ್ತಿಡ್ಲಾ?" ಅಂತ ತಮಾಷೆ ಮಾಡಿದೆ. ಅವರು ನಗಲಿಲ್ಲ. ಹಾಗೆ ನೋಡಿದರೆ ನಕ್ಕದ್ದು ನಮ್ಮಮ್ಮ. ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ಅಡುಗೆಮನೆಗೆ ಹೋದರು.

ಲ್ಯಾಬಿನ ರಿಪೋರ್ಟು ಬಂದ ದಿನ ಅತ್ತೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಪರ್ಸು ಹಿಡಿದು ಯಾರಿಗೂ ಹೇಳದೆ ಹೊರಗೆ ಹೋದರು. ಬರುವಾಗ ಅವರ ಕೈಯಲ್ಲಿ ಕಿತ್ತಳೆ ಬರ್ಫಿಯ ದೊಡ್ಡ ಪೊಟ್ಟಣ. ಬಿಲ್ಡಿಂಗಿನ ಪ್ರತಿ ಮನೆಯ ಬಾಗಿಲು ತಟ್ಟಿ ಹಂಚಿಬಂದರು. ಕೆಳಮನೆಯ ಕಾಕು ಬರ್ಫಿ ಬಾಯಿಗಿಟ್ಟುಕೊಂಡೇ ಮೇಲೆ ಬಂದು ನನ್ನನ್ನು ತಬ್ಬಿಕೊಂಡರು. "ಅಭಿನಂದನ್! ಕಿತವಾ ಮಹಿನಾ?" ಎಷ್ಟನೇ ತಿಂಗಳು ಅಂತ!

ನನಗೆ ನಲವತ್ತೈದು! ಅತ್ತೆಯೇ ವಿವರಿಸಿದರು. ಇವಳ ಮೂತ್ರದಲ್ಲಿ ಬಂದವರು ಎಲ್ಲ ಔಷಧಿಗೂ ಬಗ್ಗುವವರು, ಒಂದೂ ತಪ್ಪಿಲ್ಲ, ಪರೀಕ್ಷೆ ಮಾಡಿದ ಅಷ್ಟೂ ಔಷಧಿಗಳು ಅವರಿಗೆ ನಾಟುತ್ತವೆ, ಈಗಿನ ಕಾಲದಲ್ಲಿ ಇಂಥ ರಿಪೋರ್ಟು ನೋಡಲು ಸಿಗುವುದಿಲ್ಲ ಅಂತ. ಕಾಕು ಬರ್ಫಿ ನುಂಗಿದರು. ನುಂಗುವುದಕ್ಕೆ ಸ್ವಲ್ಪ ಕಷ್ಟಪಟ್ಟರು.

ಆ ಮಧ್ಯಾಹ್ನ ಅಮ್ಮ ಮಲಗಿದ್ದರು, ಗಂಡ ಆಫೀಸಿಗೆ ಹೋಗಿದ್ದರು. ಅತ್ತೆ ಗುಳಿಗೆ ಕೊಟ್ಟು, ನಾಲಿಗೆ ನೋಡಿ, ಎದ್ದು ಹೋಗದೆ ಅಲ್ಲೇ ಕೂತರು.

"ಆ ರಿಪೋರ್ಟಿಗೆ ಬರ್ಫಿ ಹಂಚೋದಾ ಅತ್ತೆ?" ಅಂದೆ.

"ನಿನಗ ತಿಳಿಯೂದಿಲ್ಲ" ಅಂದರು. ಗುಳಿಗೆಯ ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟರು. "ನಾ ಲ್ಯಾಬಿನ್ಯಾಗ ಇದ್ದಾಗ ಒಬ್ಬಾಕಿ ಬಾಣಂತಿ ಇದ್ಲು. ನಿನ್ನಷ್ಟೂ ವಯಸ್ಸಿರಲಿಲ್ಲ. ಎಷ್ಟು ಔಷಧಿ ಹಚ್ಚಿ ನೋಡಿದ್ರೂ ಒಂದೂ ನಡೀಲಿಲ್ಲ. ಯಾವುದೂ ನಡಿಯೂದಿಲ್ಲ ಅಂತ ಬರದು ಕಳಸೂದು ನನ್ನ ಕೆಲಸ. ಕಳಸಾಕ ಆಗಲಿಲ್ಲ. ನಾನs ವಾರ್ಡಿಗೆ ಹೋದೆ. ಆಕಿ ನನ್ನ ನೋಡಿ ಔಷಧಿ ಕೊಡೂ ಡಾಕ್ಟರ್ ಅಂತ ತಿಳಕೊಂಡು ಎದ್ದು ಕೂತ್ಲು."

ಅತ್ತೆ ನನ್ನ ಹೊದಿಕೆ ಸರಿಮಾಡಿದರು.

"ನೀ ಬಂದಾಗಿಂದ ನಿನಗ ಗುಳಿಗಿ ಕೊಟ್ಟಿಲ್ಲ ಅಂತ ನಿಮ್ಮವ್ವಗ ಸಿಟ್ಟು. ನನಗ ಗೊತ್ತೈತಿ. ಒಂದು ದಿನ ನಿನಗ ಖರೇನs ಬೇಕಾಗತೈತಿ, ಅವತ್ತು ಅದು ಕೆಲಸಾ ಮಾಡ್ಬೇಕು, ಅಷ್ಟs ಇತ್ತು ನನ್ನ ಮನಸ್ಸಿನ್ಯಾಗ."

"ಜ್ವರ ಬಂದ ದಿನ ನಿಮಗೆ ಹೆದರಿಕೆ ಆಗಿತ್ತಾ ಅತ್ತೆ?"

"ಆಗಿತ್ತು." ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಬಹಳ ಹೊತ್ತು ಒರೆಸಿದರು. "ನನ್ನ ಲೆಕ್ಕಾ ತಪ್ಪಿತೇನೋ ಅಂತ ಅನಿಸಿತ್ತು. ಆ ಸರ್ಜನ್ನಗ ಇದು ತಪ್ಪಿದ್ರ ನಾಳೆ ಮತ್ತೊಬ್ಬ ಪೇಷಂಟ್ ಬರ್ತಾಳ. ನನಗ ನೀ ಒಬ್ಬಾಕಿನs."

ನಾನು ಮಂಚದ ಮೇಲೆ ಗೋಡೆಯ ಕಡೆಗೆ ಸರಿದು ಜಾಗ ಮಾಡಿದೆ. ಅತ್ತೆ ಒಂದು ಕ್ಷಣ ಅನುಮಾನಿಸಿದರು. ಆಮೇಲೆ ಕಾಲು ಮೇಲೆತ್ತಿಕೊಂಡು, ನನ್ನ ಗಾಯಕ್ಕೆ ಮೊಳಕೈ ತಾಗದ ಹಾಗೆ ನೋಡಿಕೊಂಡು, ಪಕ್ಕದಲ್ಲಿ ಮಲಗಿದರು. ಎಷ್ಟು ದಿನದ ನಿದ್ದೆ ಬಾಕಿಯಿತ್ತೋ, ಸ್ವಲ್ಪ ಹೊತ್ತಿಗೆಲ್ಲ ಗೊರಕೆ ಶುರುವಾಯಿತು. ನಾನು ಅಲುಗಾಡದೆ ಮಲಗಿದ್ದೆ.